ಬಲಗಡೆಯ ಗಿಲಾಸು

ಅತ್ತೆ ಇವತ್ತು ದಾಟುವುದಿಲ್ಲ ಎಂದು ಬೆಳಿಗ್ಗೆ ಮನೆಯವರೆಲ್ಲ ಒಪ್ಪಿಕೊಂಡ ಮೇಲೆ ಪ್ರೇಮಲಾಳ ಮನಸ್ಸಿಗೆ ಮೊದಲು ಬಂದದ್ದು ಹಿತ್ತಲಿನ ದಾಸವಾಳ. ಗಿಡದಲ್ಲಿ ಒಂದೇ ಹೂ ಅರಳಿತ್ತು. ಸಂಜೆಯೊಳಗೆ ಅದು ಸುರುಳಿ ಸುತ್ತಿಕೊಂಡು ಮುಗಿಯುತ್ತದೆ. ಹೆಣವಿರುವ ಮನೆಯಲ್ಲಿ ಹೂವಿನ ಚಿತ್ರ ಬರೆಯುತ್ತ ಕೂರಲಾಗುವುದಿಲ್ಲ, ಆಮೇಲೆ ಬಂದು ಹೋಗುವವರ ಗದ್ದಲ. ಬರೆಯುವುದಾದರೆ ಈಗಲೇ ಬರೆಯಬೇಕು. ಇಂಥದೊಂದು ಲೆಕ್ಕ ತನ್ನ ತಲೆಯೊಳಗೆ ಅಷ್ಟು ಸಲೀಸಾಗಿ ನಡೆದುಹೋದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆ ಪಟ್ಟುಕೊಂಡೇ ಹಿತ್ತಲಿಗೆ ಹೋದಳು. ಓಣಿಯ ತುದಿಯಲ್ಲಿ ಕಲ್ಲು ಕೊಯ್ಯುವ ಮಿಷನ್ನು ಆಗಲೇ ಶುರುವಾಗಿತ್ತು. ಅದರ ಬೂದು ಧೂಳು ಎಲೆಗಳ ಮೇಲೆ, ದಳಗಳ ಮೇಲೆ, ತಂತಿಯ ಮೇಲಿನ ಸೀರೆಯ ಮೇಲೆ ಒಂದೇ ಸಮನೆ ಕೂತಿತ್ತು. ಹೂವನ್ನು ತೊಟ್ಟಿನ ಸಮೇತ ಚಿವುಟಿ ಬಕೀಟಿನ ನೀರಿನಲ್ಲಿ ಮುಳುಗಿಸಿ ಎತ್ತಿದ ಮೇಲೆಯೇ ಅದರ ಕೆಂಪು ಕಂಡದ್ದು. ತಾಂಡೂರಿಗೆ ಸೊಸೆಯಾಗಿ ಬಂದಾಗಿನಿಂದ ಹೂವನ್ನು ತೊಳೆದು ನೋಡುವುದು ಅವಳಿಗೆ ರೂಢಿ. ಅತ್ತ ಇತ್ತ ನೋಡಿ, ಹೂವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಬಂದಳು. ಐವತ್ತು ದಾಟಿದ ಹೆಂಗಸು ತನ್ನದೇ ಮನೆಯ ಹೂವನ್ನು ಹೀಗೆ ಕದ್ದು ತರುವುದೆಂದರೆ ನಗು ಬರಬೇಕು, ಅವಳಿಗೆ ಬರಲಿಲ್ಲ.

ಹಾಗೆ ನೋಡಿದರೆ ಆ ಹಿತ್ತಲು ಯಾವತ್ತೂ ಅವಳದಾಗಿರಲಿಲ್ಲ. ಅದು ಅತ್ತೆ ರುಕ್ಮಿಣಿಬಾಯಿಯದು, ಅತ್ತೆಯ ಅಂಗೈ ಮೇಲಿನ ಲಿಂಗದ್ದು. ಬೆಳಕು ಹರಿಯುವ ಮುಂಚೆ ಮಿಂದು ಒದ್ದೆ ಸೀರೆಯಲ್ಲೇ ಹೋಗಿ ದಾಸವಾಳ, ಕಣಗಿಲೆ, ನಂದಿಬಟ್ಟಲು ಎಲ್ಲವನ್ನೂ ಬುಟ್ಟಿಗೆ ಬಿಡಿಸಿಕೊಂಡು ಬಂದುಬಿಡುತ್ತಿದ್ದರು. ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಕುಡಿದವರಲ್ಲ. ಅವರು ಬಿಡಿಸಿ ಬಂದ ಮೇಲೆ ಗಿಡದಲ್ಲಿ ಎಲೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಪ್ರೇಮಲಾಗೆ ಸಿಗುತ್ತಿದ್ದುದು ಸಂಜೆ, ಪೂಜೆಯ ಹೂಗಳನ್ನು ಗಿಡದ ಬುಡಕ್ಕೆ ಹಾಕಲು ತೆಗೆದಾಗ. ವಿಭೂತಿ ಮೆತ್ತಿದ, ಅಂಚು ಕಂದಿದ ಹೂಗಳು. ಅವುಗಳನ್ನೇ ಔಷಧಿಯ ಸಣ್ಣ ಬಾಟಲಿಗೆ ಸಿಕ್ಕಿಸಿ, ಕಾರ್ಡಿನಷ್ಟಗಲದ ಹಾಳೆಯ ಮೇಲೆ ಮೊದಲು ಪೆನ್ನಿನಿಂದ ತೆಳುವಾಗಿ ಗೆರೆ ಎಳೆದು, ಆಮೇಲೆ ನೀರುಬಣ್ಣ ತುಂಬುತ್ತಿದ್ದಳು. ಬಣ್ಣ ಗೆರೆಯನ್ನು ಪೂರ್ತಿ ಮುಟ್ಟಬಾರದು, ಅಲ್ಲಲ್ಲಿ ಬಿಳಿ ಉಳಿಯಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಇಪ್ಪತ್ತೈದು ವರ್ಷಗಳಲ್ಲಿ ಅವಳು ಬರೆದ ಒಂದು ಹೂವೂ ತಾಜಾ ಇರಲಿಲ್ಲ. ಒಮ್ಮೆ ಜಹೀರಾಬಾದಿನಲ್ಲಿ ಚೌಕಟ್ಟು ಹಾಕಿಸಲು ಕೊಟ್ಟಾಗ ಅಂಗಡಿಯ ಸತೀಶಕುಮಾರ ಚಿತ್ರಗಳನ್ನು ಒಂದೊಂದಾಗಿ ತಿರುವಿ ನೋಡಿ, "ತಾಜಾ ಹೂ ಸಿಗಲಿಲ್ಲೇನ್ರಿ ಮೇಡಂ?" ಎಂದಿದ್ದ. ಪಕ್ಕದಲ್ಲಿದ್ದ ಗಂಡ ವೀರಭದ್ರ ಹೊಟ್ಟೆ ಅಲುಗುವಷ್ಟು ನಕ್ಕು, ಮನೆಗೆ ಬಂದು ಊಟದ ಹೊತ್ತಿಗೆ ಎಲ್ಲರಿಗೂ ಅದನ್ನು ಹೇಳಿ ಮತ್ತೆ ನಕ್ಕಿದ್ದ. ಅತ್ತೆ ಮಾತ್ರ ನಗಲಿಲ್ಲ. ಬಹಳ ಹಿಂದೆ, ಬುಟ್ಟಿಯಲ್ಲಿದ್ದ ಒಂದು ಕಣಗಿಲೆಯನ್ನು ಸೊಸೆ ದೂರದಿಂದಲೇ ದಿಟ್ಟಿಸುತ್ತ ನಿಂತಾಗ ಅವರು ಬುಟ್ಟಿಗೆ ಸೆರಗು ಮುಚ್ಚಿ ಒಂದು ಮಾತು ಹೇಳಿದ್ದರು. "ಮೂಸಿದ ಹೂ ದೇವರಿಗಿ ನಡ್ಯಾಂಗಿಲ್ಲ. ನೀ ಕಣ್ಣಿಲೇ ಮೂಸ್ತಿ." ಆಗ ಅವಳಿಗೆ ಮೈಯೆಲ್ಲ ಉರಿದಿತ್ತು. ಆಮೇಲಾಮೇಲೆ, ತನ್ನ ಚಿತ್ರಗಳ ಬಗ್ಗೆ ಬಾಳಿನಲ್ಲಿ ಯಾರಾದರೂ ಸರಿಯಾದ ಒಂದು ಮಾತು ಆಡಿದ್ದರೆ ಅದು ಇದೊಂದೇ ಎಂದು ಅನ್ನಿಸತೊಡಗಿತು.

ಸಂಕ್ರಾಂತಿ ಆದ ಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಒಂದೇ ಬೆಳಿಗ್ಗೆ ಹೋದವು. ಎಡಗಣ್ಣು ಮಾತ್ರ ಎಚ್ಚರವಾಗಿ ಉಳಿಯಿತು. ಆ ವಾರವೇ ಹಿತ್ತಲಲ್ಲಿ ಹೂಗಳು ಗಿಡದ ಮೇಲೇ ಉಳಿಯತೊಡಗಿದವು. ಪೂಜೆಗೆಂದು ಪ್ರೇಮಲಾ ಕೈಗೆ ಸಿಕ್ಕಷ್ಟು ಬಿಡಿಸಿ, ಒಂದನ್ನು ತನಗೆಂದು ಬಿಟ್ಟುಕೊಂಡಳು. ಆ ಮೊದಲ ತಾಜಾ ಹೂವನ್ನು ಬರೆದ ದಿನ ಅವಳಿಗೆ ಆದ ಸಂತೋಷ ಹೇಳತೀರದ್ದು. ದಳದ ಒಳಗಿನಿಂದ ಬೆಳಕು ಬರುವುದನ್ನು ಅವಳು ಎಂದೂ ಬರೆದಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಬರೆಯುತ್ತಿದ್ದಳು. ಬಣ್ಣ ಆರುವುದರೊಳಗೆ ಅತ್ತೆಯ ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು, ಚಮಚದಲ್ಲಿ ಗಂಜಿ ಹಾಕುವುದು ಆಗುತ್ತಿತ್ತು. ಒಂದು ಪದರ ಆರಿ ಮುಗಿದರೆ ಇನ್ನೊಂದು ಕೆಲಸವೂ ಮುಗಿದಿರುತ್ತಿತ್ತು. ಸೇವೆ ಚೆನ್ನಾಗಿ ಮಾಡುತ್ತಾಳೆ ಎಂದು ಓಣಿಯ ಹೆಂಗಸರು ಹೇಳಿದಾಗ ಅವಳು ಮುಖ ಎತ್ತುತ್ತಿರಲಿಲ್ಲ. ಈ ಮುದುಕಿ ಹೀಗೇ ಮಲಗಿರಲಿ, ಏಳುವುದೂ ಬೇಡ, ಹೋಗುವುದೂ ಬೇಡ ಎಂದು ತನ್ನೊಳಗೆ ಒಂದು ಆಸೆ ಕೂತುಬಿಟ್ಟಿರುವುದು ಅವಳಿಗೆ ಗೊತ್ತಿತ್ತು, ಮತ್ತು ಆ ಎಡಗಣ್ಣಿಗೂ ಗೊತ್ತಿರಬಹುದೆಂದು ಅವಳು ನಿಜವಾಗಿಯೂ ಹೆದರುತ್ತಿದ್ದಳು.

ಜಹೀರಾಬಾದಿನಿಂದ ನಾದಿನಿ ಮಂಗಲಾ ಬಂದು ನಾಲ್ಕು ದಿನವಾಗಿತ್ತು. ಎರಡು ವರ್ಷದ ಮೇಲೆ ಬಂದವಳು. ಗಂಡ ಸತ್ತ ವರ್ಷ ಅವಳು ಕೊರಳಿನ ಲಿಂಗ ತೆಗೆದು ಗೂಡಿನಲ್ಲಿಟ್ಟಿದ್ದಳು. ಇದರಿಂದ ನನಗೇನು ಸಿಕ್ಕಿತು ಅಂದಿದ್ದಳು. ಅದು ತಾಯಿಗೆ ತಿಳಿದು, ಇದೇ ಪಡಸಾಲೆಯಲ್ಲಿ ತಾಯಿ ಮಗಳಿಗೆ ಬಾಯಿಗೆ ಬಂದಂತೆ ಜಗಳವಾಯಿತು. ಲಿಂಗ ಬಿಟ್ಟವಳು ನನ್ನ ಮಗಳಲ್ಲ ಎಂದರು ತಾಯಿ. ಮಗಳು ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಿನ್ನ ಬಾಯಾಗ ನೀರು ಬಿಡಾಕೂ ನಾ ಬರಾಂಗಿಲ್ಲ, ತಿಳೀತೇನು" ಎಂದು ಹೇಳಿ ಹೋಗಿದ್ದಳು. ಈಗ ಬಂದ ದಿನವೇ ಅಡುಗೆಮನೆಯಲ್ಲಿ ಪ್ರೇಮಲಾಳ ಕೈ ಹಿಡಿದುಕೊಂಡು, ಸೆರಗು ಸರಿಸಿ, ಹೊಸ ಶಿವದಾರದಲ್ಲಿ ಕಟ್ಟಿದ ಲಿಂಗ ತೋರಿಸಿದಳು.

"ವೈನಿ, ಅವತ್ತ ನಾ ಆಡಬಾರದ ಮಾತ ಆಡ್ದೆ. ಅದು ಎರಡು ವರ್ಷಾತು ನನ್ನ ಗಂಟಲಾಗೇ ನಿಂತದ. ಅವ್ವನ ಬಾಯಾಗ ಪಾದೋದಕ ನಾನೇ ಬಿಡ್ತೀನಿ. ಅಣ್ಣಗೂ ಹೇಳೀನಿ. ನೀ ಬ್ಯಾಡ ಅನಬ್ಯಾಡ."

"ನಾ ಯಾಕ ಬ್ಯಾಡ ಅನ್ನಲಿ ಮಂಗಲಾ. ಮಗಳು ನೀನು."

"ಒಂದು ಚಮಚೆ ಗುಟುಕರಿಸಿದಳಂದ್ರ ಸಾಕು. ಮ್ಯಾಲ ನಾ ಏನೂ ಕೇಳಾಂಗಿಲ್ಲ."

ಅಷ್ಟು ಹೇಳಿ ಕಣ್ಣೊರೆಸಿಕೊಂಡವಳು, ಮರುದಿನ ಬೆಳಿಗ್ಗೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಬಣ್ಣದ ಡಬ್ಬಿ ಕಂಡು ಮುಖ ಕಿವುಚಿದಳು. "ಈ ಸಾಮಾನ ಇಲ್ಲಿಂದ ತಗಿ ವೈನಿ. ನೋಡಾಕ ಬಂದ ಮಂದಿ ಏನಂದಾರು. ಅವ್ವ ಹಂಗ ಬಿದ್ದಾಳ, ನೀ ಹೂ ಬರ್ಕೋತ ಕುಂತೀ." ಗಟ್ಟಿಯಾಗಿ ಹೇಳಲಿಲ್ಲ, ಸಿಟ್ಟಿನಿಂದಲೂ ಅಲ್ಲ, ಮಗುವಿನ ಕೈಯಿಂದ ಕೊಳಕು ಬೊಂಬೆ ಬಿಡಿಸಿಕೊಳ್ಳುವ ದನಿಯಲ್ಲಿ ಹೇಳಿದಳು. ಪ್ರೇಮಲಾ ಎಲ್ಲವನ್ನೂ ಕಿಟಕಿಯ ಕಟ್ಟೆಗೆ ಸರಿಸಿದಳು. ಕಿಟಕಿ ಹಾಸಿಗೆಯ ತಲೆದೆಸೆಗೇ ಇತ್ತು. ಎಡಗಡೆ ಕುಂಚ ತೊಳೆಯುವ ಗಿಲಾಸು, ಬಲಗಡೆ ತಿಳಿನೀರಿನ ಗಿಲಾಸು. ಎಷ್ಟು ವರ್ಷದಿಂದಲೋ ಅವಳ ಕೈಗೆ ಅದೇ ರೂಢಿ.

ಮನೆತನದ ಗುರು ಗುರುಬಸವಯ್ಯನವರು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಂದರು. ಅತ್ತೆಗೆ ಲಿಂಗ ಕಟ್ಟಿದವರು ಅವರ ತಂದೆ. ಸಾಯುವಾಗ ಆ ಮನೆತನದವರ ಪಾದೋದಕವೇ ಆಗಬೇಕು, ಬೇರೆಯವರದು ನನ್ನ ಬಾಯಿಗೆ ಹಾಕಬೇಡಿ ಎಂದು ಅತ್ತೆ ಕೈಕಾಲು ಗಟ್ಟಿಯಿದ್ದಾಗಲೇ ಎಷ್ಟೋ ಸಲ ಹೇಳಿಟ್ಟಿದ್ದರು. ಅದೊಂದೇ ಅವರ ಹೆದರಿಕೆ. ಸಾವಿಗೆ ಹೆದರಿದವರಲ್ಲ, ಬಾಯಿ ಒಣಗಿಸಿಕೊಂಡು ಸಾಯುವುದಕ್ಕೆ ಹೆದರುತ್ತಿದ್ದರು. ಅಯ್ಯನವರ ಪಾದ ತೊಳೆದು, ಪೂಜೆ ಮಾಡಿ, ಹೆಬ್ಬೆರಳ ಮೇಲಿಂದ ಬಿಟ್ಟ ನೀರನ್ನು ವೀರಭದ್ರ ಸ್ಟೀಲಿನ ಗಿಲಾಸಿಗೆ ಹಿಡಿದ. ಅತ್ತೆ ಆಗ ಕಣ್ಣು ಮುಚ್ಚಿದ್ದರು, ಎಷ್ಟು ಕೂಗಿದರೂ ತೆರೆಯಲಿಲ್ಲ. ಅಯ್ಯನವರು ನಾಡಿ ಹಿಡಿದು ನೋಡಿ, ಹಣೆಗೆ ವಿಭೂತಿ ಇಟ್ಟು ಎದ್ದರು. "ಈಗ ಹಾಕಿದ್ರ ನೆತ್ತಿಗಿ ಏರ್ತದ. ಎಚ್ಚರಾದಾಗ ಹಾಕ್ರಿ. ಒಮ್ಮಿ ಎಚ್ಚರ ಆಗ್ತಾಳ, ಆಗೇ ಆಗ್ತಾಳ. ನಾ ಬೊಮ್ರಾಸಪೇಟಕ್ಕ ಒಂದು ಮನಿ ಪ್ರವೇಶಕ್ಕ ಹೋಗಬೇಕು, ಹೊತ್ತು ಮುಳಗೂದ್ರಾಗ ಬರ್ತೀನಿ." ಮಂಗಲಾ ಆ ಗಿಲಾಸನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ನೆಲದಲ್ಲಿಟ್ಟರೆ ಯಾರಾದರೂ ಒದೆಯುತ್ತಾರೆ, ಸ್ಟೂಲಿನ ಮೇಲೆ ಗಂಜಿಯ ಬಟ್ಟಲಿತ್ತು. ಸುತ್ತ ನೋಡಿ, ಕಿಟಕಿಯ ಕಟ್ಟೆಯ ಬಲಗಡೆ ಖಾಲಿ ಜಾಗದಲ್ಲಿ ಇಟ್ಟಳು. ಅಲ್ಲಿದ್ದ ತಿಳಿನೀರಿನ ಗಿಲಾಸನ್ನು ಪ್ರೇಮಲಾಳೇ ಬೆಳಿಗ್ಗೆ ತೊಳೆಯಲು ಒಯ್ದಿದ್ದಳು. ಮಂಗಲಾ ಇಟ್ಟದ್ದನ್ನು ಪ್ರೇಮಲಾ ಕಣ್ಣಾರೆ ನೋಡಿದಳು. ನೋಡಿ ತಲೆಯಾಡಿಸಿದಳು ಕೂಡ.

ಆಮೇಲೆ ವೀರಭದ್ರ ಅಯ್ಯನವರನ್ನು ಬಸ್ಸಿಗೆ ಬಿಡಲು ಹೋದ, ಮಂಗಲಾ ಸ್ನಾನಕ್ಕೆ ಹೋದಳು. ಕೋಣೆಯಲ್ಲಿ ಅತ್ತೆ, ಅವಳು, ಬಾಟಲಿಯಲ್ಲಿ ನಿಲ್ಲಿಸಿದ ದಾಸವಾಳ. ಉಸಿರು ಒಮ್ಮೆ ಗೊರಗೊರ ಎಂದು, ಒಮ್ಮೆ ಎಷ್ಟು ಹೊತ್ತಾದರೂ ಬರದೆ, ಮತ್ತೆ ಎಲ್ಲಿಂದಲೋ ಎಳೆದುಕೊಂಡು ಬರುತ್ತಿತ್ತು. ಪ್ರೇಮಲಾ ಪೆನ್ನು ಹಿಡಿದಳು. ದಾಸವಾಳದ ಕಷ್ಟ ಇರುವುದು ದಳದಲ್ಲಲ್ಲ, ನಡುವಿನ ದಂಟಿನಲ್ಲಿ. ಅದು ಹೂವಿನಿಂದ ಹೊರಗೆ ಚಾಚಿಕೊಂಡಿರುತ್ತದೆ, ಅದರ ನೆರಳು ದಳದ ಮೇಲೆ ಬೀಳುತ್ತದೆ, ಆ ನೆರಳಿನ ಕೆಂಪು ಬೇರೆ. ನಾರಾಯಣಖೇಡದ ಶಾಲೆಯಲ್ಲಿ ಚಿತ್ರದ ಮಾಸ್ತರು ಲಕ್ಷ್ಮೀಕಾಂತ ಅವರು ಹಲಗೆಯ ಮೇಲೆ ಒಂದೇ ಗೆರೆಯಲ್ಲಿ ದಾಸವಾಳ ಬರೆದು, ಇದು ಹೂ ಎಂದು ಹೇಳಿ ಅಳಿಸಿಬಿಟ್ಟಿದ್ದರು. ಹುಡುಗಿಯರೆಲ್ಲ ನಕ್ಕರು, ಅವಳೊಬ್ಬಳಿಗೆ ಅಳು ಬಂದಿತ್ತು. ಅಪ್ಪ ಮಾಣಿಕಪ್ಪ, ಹೆಣ್ಣುಮಗಳಿಗೆ ಕೈ ತಿರುಗುತ್ತದೆ, ರಂಗೋಲಿ ಚೆನ್ನಾಗಿ ಹಾಕ್ತಾಳೆ ಎಂದು ವರನ ಕಡೆಯವರ ಮುಂದೆ ಹೇಳಿದ್ದ. ರಂಗೋಲಿಯಲ್ಲಿ ಅವಳಿಗೆ ಯಾವತ್ತೂ ಮನಸ್ಸಿರಲಿಲ್ಲ. ಉಸಿರು ನಿಂತಿತು, ಅವಳು ಪೆನ್ನು ಎತ್ತಿ ಕಾದಳು, ಉಸಿರು ಬಂತು. ಮೊದಲ ಕೆಂಪನ್ನು ಎಡಗಡೆಯ ಗಿಲಾಸಿನ ನೀರಿನಲ್ಲೇ ತುಂಬ ತೆಳು ಮಾಡಿ ಬಿಟ್ಟಳು, ಅದು ದಳದ ಅಂಚಿನ ತನಕ ತಾನೇ ಹರಿದು ನಿಂತುಕೊಂಡಿತು. ಇಷ್ಟು ಚೆನ್ನಾಗಿ ಅದು ಎಂದೂ ನಿಂತಿರಲಿಲ್ಲ. ಈ ಕೋಣೆ, ವಿಭೂತಿಯ ವಾಸನೆ, ಹೊರಗಿನ ಮಿಷನ್ನು, ಹಾಸಿಗೆಯ ಮೇಲೆ ಸಾಯುತ್ತಿರುವ ಜೀವ ಎಲ್ಲವೂ ಅವಳ ಬೆನ್ನ ಹಿಂದೆ ಎಲ್ಲಿಯೋ ಹೋದವು. ನೆರಳಿನ ಗಾಢ ಕೆಂಪು ಹಚ್ಚಿ, ಅದರ ಅಂಚನ್ನು ಕರಗಿಸಬೇಕೆಂದು ಬಲಗಡೆಗೆ ಕೈ ಚಾಚಿ ಕುಂಚವನ್ನು ಗಿಲಾಸಿನಲ್ಲಿ ಅದ್ದಿದಳು.

ಕೆಂಪು ಒಂದು ಎಳೆಯಾಗಿ ಕೆಳಗಿಳಿದು, ತಳ ಮುಟ್ಟುವ ಮೊದಲೇ ಬಿಚ್ಚಿಕೊಂಡಿತು. ಎಷ್ಟು ಸಾವಿರ ಸಲ ನೋಡಿದ್ದು. ಚೆಂದ ಎಂದುಕೊಂಡಳು, ನಿಜ, ಆ ಕ್ಷಣ ಅವಳು ಅಂದುಕೊಂಡದ್ದು ಅಷ್ಟೇ. ಆಮೇಲೆ ಗಿಲಾಸು ಸ್ಟೀಲಿನದೆಂದು ಕಂಡಿತು. ಅವಳದು ಗಾಜಿನದು. ಕೈ ಹಿಂದಕ್ಕೆ ಬಂತು, ಕುಂಚದ ತುದಿಯಿಂದ ಒಂದು ಹನಿ ಕಟ್ಟೆಯ ಮೇಲೆ ಬಿತ್ತು. ಬಚ್ಚಲಲ್ಲಿ ಮಂಗಲಾ ನೀರು ಹೊಯ್ದುಕೊಳ್ಳುವ ಸದ್ದು ಇನ್ನೂ ಕೇಳುತ್ತಿತ್ತು. ಅವಳು ಹಾಸಿಗೆಯ ಕಡೆ ತಿರುಗಿದಳು. ಅತ್ತೆಯ ಎಡಗಣ್ಣು ತೆರೆದಿತ್ತು.

ಅದು ಯಾವಾಗ ತೆರೆಯಿತು? ಬೆಳಿಗ್ಗೆಯಿಂದ ಎಷ್ಟು ಕೂಗಿದರೂ ತೆರೆಯದ ಕಣ್ಣು. ಅದು ಗಿಲಾಸನ್ನು ನೋಡಿತು, ಕುಂಚವನ್ನು ನೋಡಿತು, ಆಮೇಲೆ ಪ್ರೇಮಲಾಳ ಮುಖದ ಮೇಲೆ ಬಂದು ಅಲ್ಲೇ ನಿಂತಿತು. ಮಂಕಿರಲಿಲ್ಲ, ಬೆಳಗಿನ ಜಾವ ಹೂಬುಟ್ಟಿಗೆ ಸೆರಗು ಮುಚ್ಚುತ್ತಿದ್ದಾಗಿನಷ್ಟೇ ಚುರುಕಾಗಿತ್ತು. ಪ್ರೇಮಲಾ ಬಗ್ಗಿ, ಬಾಯಿಯನ್ನು ಅವರ ಕಿವಿಯ ಹತ್ತಿರ ಒಯ್ದು, "ಅತ್ತಿ, ನಾ ಬೇಕಂತ ಮಾಡಿಲ್ಲ. ಯಾರ ಮುಂದೂ ಹೇಳಬ್ಯಾಡ್ರಿ" ಎಂದಳು. ಏಳು ತಿಂಗಳಿಂದ ಒಂದು ಅಕ್ಷರ ಆಡದ ಹೆಂಗಸಿಗೆ ಹೀಗೆ ಬೇಡಿಕೊಂಡೆ ಎಂಬುದು ಆಡಿ ಮುಗಿಸಿದ ಮೇಲೆ ಹೊಳೆದು, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಣ್ಣು ಅವಳ ಮುಖದಿಂದ ಕದಲಲಿಲ್ಲ.

ಅಯ್ಯನವರಿಗೆ ಫೋನು ಮಾಡಬಹುದು. ಬಸ್ಸು ಇನ್ನೂ ಊರು ದಾಟಿರಲಿಕ್ಕಿಲ್ಲ, ಗಂಡ ಅಲ್ಲೇ ನಿಂತಿರುತ್ತಾನೆ. ಮೊಬೈಲು ಎತ್ತಿಕೊಂಡು ವೀರಭದ್ರನ ಹೆಸರನ್ನು ಹುಡುಕಿದಳು, ಸಿಕ್ಕಿತು, ಬೆರಳು ಅದರ ಮೇಲೆ ನಿಂತಿತು. ಏನೆಂದು ಹೇಳುವುದು? ನಿಮ್ಮ ತಾಯಿ ಉಸಿರು ಎಳೆಯುತ್ತಿದ್ದಾಗ ನಾನು ಹೂ ಬರೆಯುತ್ತಿದ್ದೆ, ಬರೆಯುತ್ತ ಬರೆಯುತ್ತ ಪಾದೋದಕದಲ್ಲಿ ಕುಂಚ ಅದ್ದಿದೆ. ಬಣ್ಣ ದೊಡ್ಡ ಮಾತಲ್ಲ. ಪಾದ ತೊಳೆದ ನೀರಿನಲ್ಲಿ ಧೂಳಿರುತ್ತದೆ, ವಿಭೂತಿಯಿರುತ್ತದೆ, ಒಂದಿಷ್ಟು ಬಣ್ಣ ಸೇರಿದರೆ ದೇವರಿಗೆ ಏನೂ ಕೆಡುವುದಿಲ್ಲ. ಅಯ್ಯನವರು ನಕ್ಕು ಇನ್ನೊಮ್ಮೆ ಪಾದ ತೊಳೆಸಿಕೊಂಡಾರು. ಆದರೆ ಮೊದಲನೆಯ ಮಾತನ್ನು ಹೇಳದೆ ಎರಡನೆಯದನ್ನು ಹೇಳಲಾಗುವುದಿಲ್ಲ. ಹೇಳಿದರೆ ಇವರೆಲ್ಲ ಇಷ್ಟು ವರ್ಷ ತನ್ನ ಬಗ್ಗೆ ಅಂದುಕೊಂಡದ್ದು ನಿಜವಾಗುತ್ತದೆ, ಇಷ್ಟು ವರ್ಷದ ಚಿತ್ರಗಳು, ಇಷ್ಟು ತಿಂಗಳ ಸೇವೆ ಎಲ್ಲ ಸೇರಿ ಆ ಒಂದು ವಾಕ್ಯದೊಳಗೆ ಹೋಗಿ ಕೂರುತ್ತವೆ. ಅತ್ತೆ ಸಾಯುವಾಗ ಹೂ ಬರೆಯುತ್ತಿದ್ದವಳು. ತಾಂಡೂರಿನಿಂದ ನಾರಾಯಣಖೇಡದವರೆಗೆ ನೆಂಟರಿಷ್ಟರು ಅವಳನ್ನು ಇನ್ನು ಹಾಗೇ ಗುರುತಿಸುತ್ತಾರೆ. ಬಚ್ಚಲ ಬಾಗಿಲು ತೆರೆದ ಸದ್ದಾಯಿತು. ಅವಳು ಮೊಬೈಲು ಕೆಳಗಿಟ್ಟು, ಹಾಳೆಯನ್ನು, ಕುಂಚವನ್ನು, ಬಣ್ಣದ ಡಬ್ಬಿಯನ್ನು ಹಳೆಯ ಟವಲಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದಳು. ಗಿಲಾಸಿನಲ್ಲಿ ಕೆಂಪು ಪೂರ್ತಿ ಬೆರೆತು, ನೋಡಿದರೆ ಇದೆ, ನೋಡದಿದ್ದರೆ ಇಲ್ಲ ಎನ್ನುವಷ್ಟಾಗಿತ್ತು.

"ಅಯ್ಯ, ಅವ್ವ ಕಣ್ಣು ಬಿಟ್ಟಾಳಲ್ಲ ವೈನಿ, ನಂಗ ಕರೀಬಾರದೇನು" ಎನ್ನುತ್ತ ಮಂಗಲಾ ಒದ್ದೆ ಕೂದಲಲ್ಲೇ ಓಡಿ ಬಂದಳು. ಅಷ್ಟರಲ್ಲಿ ವೀರಭದ್ರನೂ ಬಂದ. ಅವನು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮಂಗಲಾ ಕಟ್ಟೆಯ ಮೇಲಿಂದ ಗಿಲಾಸು ತೆಗೆದುಕೊಂಡು, ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿದಳು.

"ಜರಾ ಕೆಂಪಗ ಕಾಣಸ್ತದ."

"ಪಾದಕ್ಕ ಏರಿಸಿದ ಹೂವಿನ ಬಣ್ಣ ಇರಬೇಕು" ಎಂದ ವೀರಭದ್ರ. "ಲಗೂ ಹಾಕು, ಹೊತ್ತು ಮಾಡಬ್ಯಾಡ."

ಪ್ರೇಮಲಾ ಗೋಡೆಗೆ ಒತ್ತಿ ನಿಂತಿದ್ದಳು. ಪಾದಕ್ಕೆ ಏರಿಸಿದ್ದು ಬಿಳಿಯ ನಂದಿಬಟ್ಟಲು ಮಾತ್ರ. ಬೆಳಿಗ್ಗೆ ಅವಳೇ ಬಿಡಿಸಿ ಕೊಟ್ಟಿದ್ದಳು, ದಾಸವಾಳವನ್ನು ಬೇಕೆಂದೇ ಬಿಟ್ಟು. ಮಂಗಲಾ ಚಮಚವನ್ನು ತಾಯಿಯ ತುಟಿಗೆ ತಂದಳು. ಅದೇ ಬೆಳಗಿನ ಜಾವ ಪ್ರೇಮಲಾ ಹಾಕಿದ ನೀರನ್ನು ಕಣ್ಣು ಮುಚ್ಚಿಯೇ ಗುಟುಕರಿಸಿದ್ದ ಬಾಯಿ ಈಗ ಬಿಗಿದುಕೊಂಡಿತು. ಎಡಗಡೆಯ ತುಟಿ, ಜೀವವಿದ್ದ ತುಟಿ, ಒಳಕ್ಕೆ ಸೇರಿ ಒಂದು ಗೆರೆಯಾಯಿತು. ನೀರು ಗಲ್ಲದ ಮೇಲೆ ಹರಿದು ಕುತ್ತಿಗೆಗೆ ಇಳಿಯಿತು.

"ಅವ್ವ, ನಾ ಮಂಗಲಾ ಇದ್ದೀನಿ. ಬಾಯಿ ತಗಿ ಅವ್ವ. ಅಯ್ಯನೋರ ಪಾದೋದಕ ಅದ, ಬ್ಯಾರೆದಲ್ಲ."

ಮತ್ತೊಂದು ಚಮಚ. ಅತ್ತೆ ಮುಖವನ್ನು ಇಷ್ಟೇ ಇಷ್ಟು, ಒಂದು ಬೆರಳಿನಷ್ಟು, ಆಚೆ ತಿರುಗಿಸಿದರು. ಏಳು ತಿಂಗಳಲ್ಲಿ ಅವರು ತಾವಾಗಿ ಕತ್ತು ಹೊರಳಿಸಿದ್ದನ್ನು ಯಾರೂ ನೋಡಿರಲಿಲ್ಲ. "ಹಲ್ಲು ಕಚ್ಯಾಳ" ಎಂದ ವೀರಭದ್ರ. ಚಮಚ ಹಲ್ಲಿಗೆ ತಾಗಿ ಕಟಕಟ ಎಂದಿತು. "ಸಿಟ್ಟು ಬಿಡು ಅವ್ವ, ನೋಡಿಲ್ಲಿ, ಕಟಗೊಂಡೀನಿ" ಎಂದು ಕೊರಳಿಗೆ ಕೈ ಹಾಕಿ ಲಿಂಗವನ್ನು ಹೊರಗೆಳೆದು ಅವರ ಕಣ್ಣ ಮುಂದೆ ಹಿಡಿದಳು. ಕಣ್ಣು ಲಿಂಗವನ್ನು ನೋಡಲಿಲ್ಲ. ಅದು ಮಂಗಲಾಳ ಭುಜದ ಮೇಲಿಂದ ಹಾಯ್ದು ಗೋಡೆಗೆ ಒತ್ತಿ ನಿಂತವಳ ಮೇಲೆ ಇತ್ತು. ಈಗ ಹೇಳಬೇಕು, ಈಗ ಹೇಳಿದರೂ ಆದೀತು ಎಂದು ಪ್ರೇಮಲಾ ಬಾಯಿ ತೆರೆದಳು, ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು, ಅವಳಿಂದ ಹೊರಟದ್ದು ಬರೀ ಉಸಿರು. ಮೂರನೆಯ ಚಮಚವೂ ಗಲ್ಲದ ಮೇಲೆ ಹರಿದು ಬಿಳಿಯ ರವಿಕೆಯ ಅಂಚನ್ನು ತೋಯಿಸಿತು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು. ಮತ್ತೆ ಬರುತ್ತದೆಂದು ಮೂವರೂ ಕಾದರು, ಬರಲಿಲ್ಲ.

ಮಧ್ಯಾಹ್ನದೊಳಗೆ ಮನೆ ತುಂಬಿತು. ಮಿಷನ್ನು ನಿಲ್ಲಿಸಿದರು, ಓಣಿಗೆ ಒಮ್ಮೆಲೇ ಕಿವಿ ಬಂದಂತಾಯಿತು. ಅತ್ತೆಯನ್ನು ಮೀಯಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಗಲ್ಲ ಕೆಳಗೆ ಬೀಳದಂತೆ ಬಿಳಿ ಬಟ್ಟೆಯಿಂದ ತಲೆಗೆ ಕಟ್ಟಿದರು. ಹೊರಗೆ ಬಾಳೆಕಂಬ, ಹೂಸರ ತಂದು ಕೂರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದರು. ಬೊಮ್ರಾಸಪೇಟೆಯಿಂದ ಬೇಗನೆ ಹೊರಟು ಬಂದ ಅಯ್ಯನವರು ವೀರಭದ್ರನನ್ನು ಪಾದೋದಕದ ಬಗ್ಗೆ ಕೇಳಿದರು. "ಹಾಕಿದ್ವಿರಿ. ಒಳಗ ಹೋಗಲಿಲ್ಲ, ಬಾಯಿ ಬಿಗಿ ಹಿಡದಿದ್ದಳು" ಎಂದ ಅವನು. ಅಯ್ಯನವರು ತಲೆಯಾಡಿಸಿ, "ತುಟಿಗಿ ಹತ್ತಿತಲ್ಲ, ಸಾಕು ಬಿಡ್ರಿ, ಮುಟ್ಟತದ" ಎಂದು ಹೇಳಿ ಭಜನೆಯವರ ಕಡೆ ಹೋದರು. ಅಷ್ಟು ಹಗುರಾಗಿ ಮುಗಿಯುವ ವಿಷಯವಾಗಿತ್ತು ಅದು. ಪ್ರೇಮಲಾ ಚಹಾದ ತಾಟು ಹಿಡಿದು ಅಲ್ಲೇ ನಿಂತಿದ್ದಳು, ಬಂದವರು ಅವಳ ಬೆನ್ನು ಸವರಿ, ಮಗಳಿಗಿಂತ ಹೆಚ್ಚು ಮಾಡಿದೆ ಎನ್ನುತ್ತಿದ್ದರು. ಅವಳು ಪ್ರತಿಯೊಬ್ಬರಿಗೂ ಚಹಾ ಕೊಟ್ಟಳು.

ಮಂಗಲಾ ಅಡುಗೆಮನೆಯ ಮೂಲೆಯಲ್ಲಿ ಗೋಧಿಹಿಟ್ಟಿನ ಡಬ್ಬಿಗೆ ಒರಗಿ ಕೂತಿದ್ದಳು. ಅತ್ತು ಮುಗಿದಿತ್ತು. ಖಾಲಿ ತಾಟು ಹಿಡಿದು ಬಂದ ಪ್ರೇಮಲಾಳನ್ನು ಸೀರೆ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ವೈನಿ, ಅಣ್ಣ ಅಂತಾನ ಹಲ್ಲು ಕಚ್ಚಿತ್ತು ಅಂತ. ನಾ ನೋಡೀನಿ. ಮಾರಿ ತಿರುವಿದಳು."

ಪ್ರೇಮಲಾ ತಾಟಿನ ಮೇಲಿನ ಚಹಾದ ಉಂಗುರಗಳನ್ನು ಸೆರಗಿನಿಂದ ಒರೆಸಿದಳು.

"ದಿನಾ ಆಕಿ ಜೋಡಿ ಇದ್ದಾಕಿ ನೀನು. ಆಕಿ ಕಣ್ಣು ನೋಡಿ ಏನು ಬೇಕು ಏನು ಬ್ಯಾಡ ಹೇಳತಿದ್ದಿ. ನನಗೊಂದು ಖರೆ ಹೇಳು. ನನ್ನ ಮ್ಯಾಲಿನ ಸಿಟ್ಟಿಲೇ ಹೋದಳೇನು ಅವ್ವ?"

ಇಷ್ಟು ಹತ್ತಿರದಿಂದ ಮಂಗಲಾಳ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಕಣ್ಣಿನ ಕೆಳಗಿನ ಚರ್ಮ ನೀಲಿಗಟ್ಟಿತ್ತು, ಅದರಲ್ಲಿ ಸ್ವಲ್ಪ ಹಸಿರೂ ಇತ್ತು. ಆ ಬಣ್ಣವನ್ನು ಹೇಗೆ ಕೂಡಿಸುವುದೆಂದು ಅವಳ ತಲೆ ಲೆಕ್ಕ ಹಾಕಿತು, ಹಾಕುತ್ತಿರುವುದು ತಿಳಿದು ಅವಳು ಕಣ್ಣು ತಗ್ಗಿಸಿದಳು. ನಿನ್ನ ಮೇಲಲ್ಲ, ನನ್ನ ಮೇಲೆ. ಇಷ್ಟೇ ಮಾತು. ಹೇಳಿದರೆ ಈ ಹೆಂಗಸು ಎದ್ದು ಹೋಗಿ ತಾಯಿಯ ಪಾದಕ್ಕೆ ತಲೆ ಹಚ್ಚಿ ಹೊಟ್ಟೆ ತುಂಬ ಅಳುತ್ತಾಳೆ. ಪಡಸಾಲೆಯಲ್ಲಿ ಭಜನೆಯ ತಾಳ ಶುರುವಾಯಿತು. ಯಾರೋ ಬಾಗಿಲಲ್ಲಿ ಇಣುಕಿ ಇನ್ನಷ್ಟು ಚಹಾ ಕೇಳಿ ಹೋದರು.

"ಹಿರೇರ ಮನಸ್ಯಾಗ ಏನಿತ್ತೋ ಯಾರಿಗಿ ಗೊತ್ತಾಗ್ತದ ಮಂಗಲಾ" ಎಂದಳು ಪ್ರೇಮಲಾ.

ಮಂಗಲಾ ನಿಧಾನವಾಗಿ ತಲೆಯಾಡಿಸಿದಳು. "ಆತು" ಎಂದಳು. ಹಿಡಿದಿದ್ದ ಸೀರೆಯ ಅಂಚನ್ನು ಬಿಟ್ಟಳು.

ಹೊತ್ತು ಇಳಿಯುವ ಮುಂಚೆ ವಿಮಾನ ಎತ್ತಲು ಜನ ನಿಂತರು. ಮಗಳು ಎಲ್ಲಿ, ಮಗಳನ್ನು ಕರೆಯಿರಿ ಎಂದರು. ವೀರಭದ್ರ ತಾಯಿಯ ಪಕ್ಕದಿಂದಲೇ ಹೆಂಡತಿಗೆ ಸನ್ನೆ ಮಾಡಿದ. ಪ್ರೇಮಲಾ ಒಳಗೆ ಹೋದಳು. ಮಂಗಲಾ ಅದೇ ಮೂಲೆಯಲ್ಲಿ ಇದ್ದಳು, ಪಕ್ಕದಲ್ಲಿ ಜಹೀರಾಬಾದಿನಿಂದ ತಂದ ಚೀಲ ಕಟ್ಟಿ ಇಟ್ಟುಕೊಂಡಿದ್ದಳು.

"ಎತ್ತಾಕತ್ತಾರ. ಬಾ."

"ನಾ ಮಣ್ಣಿಗಿ ಬರಾಂಗಿಲ್ಲ ವೈನಿ. ಆಕಿಗಿ ನಾ ಬ್ಯಾಡಾಗೀನಿ. ಬ್ಯಾಡ ಅಂದವರ ಮೈಮ್ಯಾಲ ನಾ ಹ್ಯಾಂಗ ಮಣ್ಣು ಹಾಕಲಿ."

ಅಡುಗೆಮನೆಯಲ್ಲಿ ಅವರಿಬ್ಬರೇ ಇದ್ದರು. ಒಲೆಯ ಮೇಲೆ ಚಹಾದ ಪಾತ್ರೆ ತಳ ಹಿಡಿಯುತ್ತಿತ್ತು. ಪ್ರೇಮಲಾ ಗ್ಯಾಸು ಆರಿಸಿದಳು. ತಿರುಗಿ ನಿಂತು ಮಂಗಲಾಳ ಬಗ್ಗಿದ ತಲೆಯನ್ನು, ಬೈತಲೆಯ ಎರಡೂ ಕಡೆಯ ನರೆಯನ್ನು ನೋಡುತ್ತ ನಿಂತಳು. ಹೊರಗಿನಿಂದ ಗಂಡ ಇನ್ನೊಮ್ಮೆ ಕೂಗಿದ. ಅವಳು ಪಡಸಾಲೆಗೆ ಬಂದಳು. ಎಲ್ಲರೂ ಅವಳ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು.

"ಬರಾಂಗಿಲ್ಲಂತ" ಎಂದಳು ಪ್ರೇಮಲಾ. "ಎತ್ತರಿ."